ಬ್ರೆಡ್ಡಕ್ಕನ ಅರ್ಧ ಸಿನಿಮಾಗಳು

ಸಂಜೆ ಏಳೂವರೆ ಹೊಡೆದರೆ ಸಾಕು, ಬ್ರೆಡ್ಡಕ್ಕನ ಕಣ್ಣೆವೆ ತಾನಾಗಿ ಇಳಿಯುತ್ತಿತ್ತು. ಮಾತಾಡುತ್ತಿದ್ದರೆ ಮಾತಿನ ನಡುವೆಯೇ, ಬಟ್ಟೆ ಮಡಚುತ್ತಿದ್ದರೆ ಅರ್ಧ ಮಡಚಿದ ಅಂಗಿ ತೊಡೆಯ ಮೇಲಿರುವಾಗಲೇ ನಿದ್ದೆ ಬಂದುಬಿಡುತ್ತಿತ್ತು. ಇದರಲ್ಲಿ ಅವಳ ತಪ್ಪೇನೂ ಇರಲಿಲ್ಲ. ಅವಳು ಇಪ್ಪತ್ತಾರು ವರ್ಷದಿಂದ ದುಡಿಯುತ್ತಿದ್ದ ಬೇಕರಿಯಲ್ಲಿ ಮೊದಲ ಬ್ರೆಡ್ಡು ಬೆಳಿಗ್ಗೆ ಆರೂವರೆಗೆ ಮುಂಗಟ್ಟಿಗೆ ಬರಬೇಕು. ಅದು ಬೇಯಬೇಕು, ಬೇಯುವ ಮೊದಲು ಉಬ್ಬಬೇಕು, ಉಬ್ಬುವ ಮೊದಲು ನಾದಿಸಿಕೊಳ್ಳಬೇಕು. ಹೀಗೆ ಹಿಂದಕ್ಕೆ ಲೆಕ್ಕ ಹಾಕುತ್ತ ಹೋದರೆ ಹಿಟ್ಟು ಕಲಸುವವಳು ನಾಲ್ಕಕ್ಕೆ ಹಿಂಬಾಗಿಲಲ್ಲಿ ನಿಂತಿರಬೇಕು, ಮೂರೂಕಾಲಿಗೆ ಹಾಸಿಗೆ ಬಿಟ್ಟಿರಬೇಕು.

ಅವಳಿಗೆ ಹೆಸರೊಂದು ಇತ್ತು. ಆದರೆ ಬೀದಿಯಲ್ಲಿ ಯಾರೂ ಅದನ್ನು ಬಳಸುತ್ತಿರಲಿಲ್ಲ. ಕೈಗೆ, ತಲೆಗೂದಲಿಗೆ, ಚಪ್ಪಲಿಗೆ ಕೂಡ ಹಿಟ್ಟಿನ ಪುಡಿ ಅಂಟಿಸಿಕೊಂಡು ಮಧ್ಯಾಹ್ನ ಹನ್ನೆರಡಕ್ಕೆ ಮನೆಗೆ ನಡೆದು ಬರುವವಳನ್ನು ಬ್ರೆಡ್ಡಕ್ಕ ಅಂತ ಕರೆಯದೆ ಮತ್ತೇನಂತ ಕರೆಯುವುದು? ಕೆಲಸದಲ್ಲಿ ಅವಳ ಕೈ ಎತ್ತಿದ ಕೈ. ಉಬ್ಬಿದ ಹಿಟ್ಟಿನ ಮೇಲೆ ಒಂದು ಬೆರಳು ಒತ್ತಿ, ಗುಳಿ ಎಷ್ಟು ಹೊತ್ತಿಗೆ ತುಂಬಿಕೊಳ್ಳುತ್ತದೆ ಅಂತ ನೋಡಿ, "ಇನ್ನು ಹತ್ತು ನಿಮಿಷ" ಅಂದರೆ ಹತ್ತು ನಿಮಿಷವೇ. ಬೆಂದ ಬ್ರೆಡ್ಡನ್ನು ಉದ್ದ ಹಿಡಿಯ ಮರದ ಹಲಗೆಯಿಂದ ಹೊರಗೆಳೆದು, ಬೋರಲು ಹಾಕಿ, ತಳಕ್ಕೆ ಬೆರಳಿನ ಗೆಣ್ಣಿನಿಂದ ತಟ್ಟಿ, ಬರುವ ಸದ್ದಿನಲ್ಲೇ ಒಳಗೆ ಹಸಿಯಿದೆಯೋ ಇಲ್ಲವೋ ಹೇಳುತ್ತಿದ್ದಳು. ಗಡಿಯಾರ ಕಟ್ಟಿದ ಹೊಸ ಓವನ್ನು ಬಂದ ಮೇಲೂ ಬೇಕರಿಯ ಯಜಮಾನರು ಗಡಿಯಾರಕ್ಕಿಂತ ಅವಳ ಗೆಣ್ಣನ್ನೇ ನಂಬುತ್ತಿದ್ದರು.

ಗಂಡನದು ನೀರಿನ ಇಲಾಖೆಯಲ್ಲಿ ಮೀಟರು ಓದುವ ಕೆಲಸ. ದಿನಕ್ಕೆ ಅರವತ್ತು ಎಪ್ಪತ್ತು ಮನೆ. ಬಾಗಿಲು ತಟ್ಟುವುದು, ಮೆಟ್ಟಿಲ ಕೆಳಗೋ ಹಿತ್ತಲಲ್ಲೋ ಬಗ್ಗಿ ಮೀಟರಿನ ಗಾಜು ಒರೆಸಿ ಅಂಕಿ ಬರೆದುಕೊಳ್ಳುವುದು, ಮುಂದಿನ ಬಾಗಿಲಿಗೆ ಹೋಗುವುದು. ಮಾತು ಕಡಿಮೆ. ಮನೆಗೆ ಬಂದರೆ ಮೊಣಕಾಲು ನೀವಿಕೊಳ್ಳುತ್ತ ಕುರ್ಚಿ ಹಿಡಿದುಬಿಡುವವನು.

ಗಂಡ ಹೆಂಡಿರಿಬ್ಬರಿಗೂ ಸಿನಿಮಾ ಅಂದರೆ ಜೀವ. ಆದರೆ ಥಿಯೇಟರಿನ ಯಾವ ಆಟದ ಹೊತ್ತೂ ಅವಳ ನಿದ್ದೆಗೆ ಹೊಂದುತ್ತಿರಲಿಲ್ಲ. ಹಾಗಾಗಿ ಮದುವೆಯಾದಂದಿನಿಂದ ಅವರದೆಲ್ಲ ಮನೆಯ ಸಿನಿಮಾ. ಮೊದಲು ಬಾಡಿಗೆ ಕ್ಯಾಸೆಟ್ಟು, ಆಮೇಲೆ ಸಿ.ಡಿ., ಈಗ ಇಂಟರ್ನೆಟ್ಟು. ವಾರಕ್ಕೊಂದು, ಹೆಚ್ಚೆಂದರೆ ಎರಡು. ಆರೂವರೆಗೆ ಊಟ ಮುಗಿಸಿ ಹಾಕಿದರೆ ಏಳೂವರೆಗೆ ಸರಿಯಾಗಿ ಮಧ್ಯಂತರ. ಮಧ್ಯಂತರಕ್ಕೆ ಬ್ರೆಡ್ಡಕ್ಕನ ತಲೆ ಗಂಡನ ಹೆಗಲ ಮೇಲೆ.

ಮಿಕ್ಕ ಕತೆ ಬೆಳಗಿನ ಜಾವಕ್ಕೆ. ಅವನು ಏಳಬೇಕಾದ ಅಗತ್ಯವೇನೂ ಇರಲಿಲ್ಲ. ಆದರೂ ಅವಳ ಜೊತೆಗೇ ಎದ್ದು ಚಹಾಕ್ಕೆ ನೀರಿಡುತ್ತಿದ್ದ. ಅವಳು ತಲೆಗೆ ಬಟ್ಟೆ ಕಟ್ಟಿಕೊಳ್ಳುತ್ತ, "ಆಮೇಲೇನಾಯ್ತು ಹೇಳಿ" ಅನ್ನುತ್ತಿದ್ದಳು. ಅವನು ಒಲೆಯ ಕಡೆಗೇ ಮುಖ ಮಾಡಿಕೊಂಡು ಉಳಿದರ್ಧ ಹೇಳುತ್ತಿದ್ದ. ದಿನವಿಡೀ ನಾಲ್ಕು ಮಾತಾಡದವನು ಆ ಹತ್ತು ನಿಮಿಷ ಮಾತ್ರ ಸರಾಗವಾಗಿ ಮಾತಾಡುತ್ತಿದ್ದ. ಅವಳು ಚಹಾ ಕುಡಿದು, ಕತೆ ಕೇಳಿ, ಖಾಲಿ ಬೀದಿಯಲ್ಲಿ ಅದನ್ನೇ ಮೆಲುಕು ಹಾಕುತ್ತ ಬೇಕರಿಗೆ ಹೋಗುತ್ತಿದ್ದಳು. ಹೀಗೆ ಇಪ್ಪತ್ತೈದು ವರ್ಷ ನಡೆಯಿತು. ತಾನು ಸಾವಿರಕ್ಕೂ ಹೆಚ್ಚು ಸಿನಿಮಾ ಪೂರ್ತಿ ಬಲ್ಲವಳು ಎಂದೇ ಅವಳು ನಂಬಿಕೊಂಡಿದ್ದಳು.

ಒಂದು ಶನಿವಾರ ಮಧ್ಯಾಹ್ನ ಮೂರರ ಹೊತ್ತಿಗೆ ಬ್ರೆಡ್ಡಕ್ಕ ತನ್ನ ಕೆಲಸದ ಏಪ್ರನ್ನಿನ ಜೇಬು ಹೊಲಿಸಲು ಟೈಲರಮ್ಮನ ಅಂಗಡಿಗೆ ಹೋದಳು. ಎರಡು ಹೊಲಿಗೆ ಯಂತ್ರ, ಒಂದು ನಿಲುಗನ್ನಡಿ, ಬಟ್ಟೆ ಹಾಕಿ ನೋಡಲು ಪರದೆ ಕಟ್ಟಿದ ಒಂದು ಮೂಲೆ, ಇಷ್ಟರಲ್ಲೇ ಮುಗಿದುಹೋಗುವ ಅಂಗಡಿ. ಅವತ್ತು ಒಳಗೆ ಇನ್ನಿಬ್ಬರು ಕೂತಿದ್ದರು. ಒಬ್ಬರು ಎದುರು ಸಾಲಿನ ಕನ್ನಡಕದ ಅಂಗಡಿಯವರು. ಇನ್ನೊಬ್ಬರು ನಿವೃತ್ತ ಭೂಗೋಳದ ಮೇಷ್ಟ್ರು. ಪ್ರತಿ ಶನಿವಾರ ಈ ಮೂವರೂ ಸೇರಿ ಆ ವಾರ ಮನೆಯಲ್ಲಿ ನೋಡಿದ ಸಿನಿಮಾದ ಬಗ್ಗೆ ಮಾತಾಡುವುದು ರೂಢಿ. ಬ್ರೆಡ್ಡಕ್ಕನಿಗೆ ಅದು ಗೊತ್ತಿರಲಿಲ್ಲ.

"ಏನೇ ಹೇಳಿ, ಕೊನೆಯಲ್ಲಿ ದೋಣಿನ ಸೌದೆಗೆ ಮಾರ್ಬಿಟ್ನಲ್ಲ, ಅದು ನಂಗೆ ಹಿಡಿಸ್ಲಿಲ್ಲ" ಎಂದಳು ಟೈಲರಮ್ಮ, ದಾರವನ್ನು ಹಲ್ಲಿನಿಂದ ಕಡಿಯುತ್ತ.

"ನಮಗೆ ಹಿಡಿಸ್ಲಿ ಅಂತ ಅವನು ಬದುಕ್ತಾನೇನಮ್ಮ?" ಎಂದರು ಮೇಷ್ಟ್ರು. "ಮುದುಕನ ಹತ್ರ ಬೇರೆ ದಾರಿ ಏನಿತ್ತು? ಹೊಳೆನೇ ಬತ್ತಿಹೋಗಿದೆ."

ಹೋದ ತಿಂಗಳು ಬ್ರೆಡ್ಡಕ್ಕ ನೋಡಿದ್ದ ಸಿನಿಮಾ ಅದು. ಹಳೆಯ ದೋಣಿಯನ್ನು ರಿಪೇರಿ ಮಾಡುತ್ತಲೇ ಇರುವ ಮುದುಕ, ಅವನ ಮೊಮ್ಮಗಳು. ಅವಳಿಗೆ ಬಾಯಿ ತಡೆಯಲಿಲ್ಲ.

"ಮಾರ್ಲಿಲ್ವಲ್ಲ" ಎಂದಳು. "ಮೊಮ್ಮಗಳು ಬಂದು ಬಾಗಿಲು ತಟ್ತಾಳೆ. ದೊಡ್ಡ ಕೆರೆ ಇರೋ ಊರಲ್ಲಿ ಮನೆ ಮಾಡಿದೀನಿ, ದೋಣಿ ತಗೊಂಡು ಬಾ ತಾತಾ ಅಂತಾಳೆ."

ಮೂವರೂ ಅವಳ ಮುಖ ನೋಡಿದರು. ಬೇರೆ ಯಾವುದೋ ಸಿನಿಮಾ ಇರಬೇಕು ಅಂದರು. ಅವಳು ಮುದುಕನ ಕುಂಟು ಕಾಲಿನಿಂದ ಹಿಡಿದು ಮೊಮ್ಮಗಳ ಹಸಿರು ಚೀಲದವರೆಗೆ ಎಲ್ಲ ಹೇಳಿದಳು. ಸಿನಿಮಾ ಅದೇ. ಕನ್ನಡಕದವರು ತಮ್ಮ ಫೋನು ತೆಗೆದು, ಕೊನೆಯ ಹತ್ತು ನಿಮಿಷಕ್ಕೆ ಓಡಿಸಿ, ಅವಳ ಕೈಗೆ ಕೊಟ್ಟರು. ಮೊಮ್ಮಗಳು ಬರಲೇ ಇಲ್ಲ. ಇಬ್ಬರು ಆಳುಗಳು ಕೊಡಲಿ ತಂದರು. ಮುದುಕ ಒಣಗಿದ ದಡದಲ್ಲಿ ಬೆನ್ನು ತಿರುಗಿಸಿ ಕೂತ. ಕೊಡಲಿಯ ಸದ್ದು ಕೇಳುತ್ತಿದ್ದಂತೆ ತೆರೆ ಕಪ್ಪಾಯಿತು.

ಬ್ರೆಡ್ಡಕ್ಕ ಫೋನು ಹಿಂದಕ್ಕೆ ಕೊಟ್ಟಳು. "ಆ ಅಕ್ಕತಂಗೀರ ಸಿನಿಮಾ ನೋಡಿದೀರಾ?" ಎಂದು ಕೇಳಿದಳು. "ಮನೆ ಪಾಲಿಗೆ ಜಗಳ ಆಡ್ಕೊಂಡು ಇಪ್ಪತ್ತು ವರ್ಷ ಮಾತು ಬಿಟ್ಟಿರ್ತಾರಲ್ಲ, ಅದು. ಕೊನೇಲಿ ತಂಗಿ ಬಂದು ಬಾಗಿಲು ತಟ್ತಾಳೆ. ಅಕ್ಕ ತೆಗೀತಾಳಲ್ಲ?"

"ತಟ್ತಾಳೆ" ಎಂದಳು ಟೈಲರಮ್ಮ. "ತೆಗಿಯಲ್ಲಕ್ಕ."

"ನಿಮಗೆ ಈ ಕೊನೆಗಳನ್ನ ಹೇಳಿದ್ದು ಯಾರು?" ಎಂದು ಕನ್ನಡಕದವರು ಮೆಲ್ಲಗೆ ಕೇಳಿದರು.

"ನಮ್ಮನೆಯವರು."

"ಯಜಮಾನರು ಕತೆ ಗಿತೆ ಬರೀತಾರಾ?" ಎಂದರು ಮೇಷ್ಟ್ರು.

"ನೀರಿನ ಮೀಟರ್ ಓದ್ತಾರೆ" ಎಂದಳು ಬ್ರೆಡ್ಡಕ್ಕ. ಮೇಷ್ಟ್ರಿಗೆ ನಗು ಬಂತು, ಟೈಲರಮ್ಮನೂ ನಕ್ಕಳು. ಅವಳೂ ನಕ್ಕಳೇನೋ ನಿಜ. ಆದರೆ ಏಪ್ರನ್ನು ಕಂಕುಳಲ್ಲಿಟ್ಟುಕೊಂಡು ಬೀದಿಗಿಳಿದಾಗ ಕಿವಿ ಬಿಸಿಯಾಗಿತ್ತು. ನಮ್ಮನೆಯವರು ಬೇಕೆಂದೇ ಹೀಗೆ ಮಾಡಿದರೋ? ತನಗೆ ನಿಜ ತಡೆದುಕೊಳ್ಳುವ ಶಕ್ತಿಯಿಲ್ಲ ಅಂದುಕೊಂಡರೋ? ಅಥವಾ ಹೆಂಡತಿಗೆ ಏನು ಹೇಳಿದರೂ ನಡೆಯುತ್ತದೆ ಅನ್ನುವ ಉಡಾಫೆಯೋ? ಕಟುವಾಗಿ ಯೋಚಿಸುತ್ತಲೇ ಮನೆ ತಲುಪಿದಳು. ಗಂಡ ಕಿಟಕಿಯ ಬಳಿ ಕೂತು ಅವಳ ಹರಿದ ಚಪ್ಪಲಿಗೆ ಅಂಟು ಹಚ್ಚುತ್ತಿದ್ದ. ಅವಳಿಗೆ ಬಾಯಿ ಬಿಡಲು ಮನಸ್ಸಾಗಲಿಲ್ಲ. ಮೊದಲು ನೋಡೋಣ, ಆಮೇಲೆ ಕೇಳೋಣ ಅಂದುಕೊಂಡಳು.

ಮುಂದಿನ ಬುಧವಾರ ಬೇಕರಿಯಿಂದ ಬಂದವಳೇ ಊಟ ಮಾಡಿ, ಪರದೆ ಎಳೆದು, ಮೂರು ತಾಸು ಗಡದ್ದಾಗಿ ನಿದ್ದೆ ಹೊಡೆದಳು. ಹಗಲು ಮಲಗಿ ಅವಳಿಗೆ ಅಭ್ಯಾಸವಿರಲಿಲ್ಲ. ಎದ್ದಾಗ ಬೆಳಗೋ ಸಂಜೆಯೋ ತಿಳಿಯದೆ ಅಡುಗೆಮನೆಗೆ ಹೋಗಿ ತಲೆಗೆ ಬಟ್ಟೆ ಕಟ್ಟಿಕೊಂಡೂ ಬಿಟ್ಟಿದ್ದಳು. ಆರೂವರೆಗೆ ಸಿನಿಮಾ ಹಾಕಿದರು. ರೈಲು ನಿಲ್ದಾಣದಲ್ಲಿ ಯಾವ ಗಾಡಿ ಯಾವ ಪ್ಲಾಟ್‌ಫಾರಂಗೆ ಬರುತ್ತದೆಂದು ಮೈಕಿನಲ್ಲಿ ಹೇಳುವ ಒಬ್ಬ ಹೆಂಗಸಿನ ಕತೆ. ಮೂವತ್ತು ವರ್ಷ ಆ ಕೆಲಸ ಮಾಡಿದವಳ ಜಾಗಕ್ಕೆ ಒಂದು ಯಂತ್ರ ಬರುತ್ತದೆ. ಏಳೂವರೆಗೆ ಬ್ರೆಡ್ಡಕ್ಕ ಎಂದಿನಂತೆ ಕಣ್ಣು ಮುಚ್ಚಿ ಗಂಡನ ಹೆಗಲಿಗೆ ತಲೆ ಕೊಟ್ಟಳು. ಕಿವಿ ಮಾತ್ರ ಎಚ್ಚರವಾಗಿತ್ತು.

ಐದು ನಿಮಿಷ ಆಯಿತು. ಹತ್ತಾಯಿತು. ಆಮೇಲೆ ಅವಳ ತಲೆಯ ಮೇಲೆಯೇ ಒಂದು ಸದ್ದು ಶುರುವಾಯಿತು. ಮೊದಲು ಸಣ್ಣಗೆ, ಆಮೇಲೆ ಹದವಾಗಿ. ಕಣ್ಣು ತೆರೆದು ನೋಡಿದರೆ ಗಂಡ ಬಾಯಿ ಅರ್ಧ ತೆರೆದು, ಕನ್ನಡಕ ಮೂಗಿನ ತುದಿಗೆ ಜಾರಿಸಿಕೊಂಡು ಗೊರಕೆ ಹೊಡೆಯುತ್ತಿದ್ದ.

ಬ್ರೆಡ್ಡಕ್ಕನಿಗೆ ನಗು ಒತ್ತರಿಸಿ ಬಂತು. ತುಟಿ ಕಚ್ಚಿಕೊಂಡು, ಹೆಗಲು ಅಲುಗದಂತೆ ತಲೆ ತೆಗೆದು, ನೆಟ್ಟಗೆ ಕೂತಳು. ತನ್ನ ಮನೆಯ ಟಿವಿಯಲ್ಲಿ ಸಿನಿಮಾವೊಂದರ ಎರಡನೆಯ ಅರ್ಧವನ್ನು ಅವಳು ನೋಡಿದ್ದು ಅದೇ ಮೊದಲು. ಆ ಹೆಂಗಸು ಕೊನೆಯ ದಿನ ಮೈಕನ್ನು ಒರೆಸಿಟ್ಟು, ಕೈಚೀಲ ಹೆಗಲಿಗೇರಿಸಿ, ಜನರ ನಡುವೆ ನಡೆದು ನಿಲ್ದಾಣದಿಂದ ಹೊರಗೆ ಹೋದಳು. ಯಾರೂ ಅವಳನ್ನು ಗುರುತಿಸಲಿಲ್ಲ. ಗುರುತಿಸುವುದಾದರೂ ಹೇಗೆ? ಅವರೆಲ್ಲ ಕೇಳಿದ್ದು ಅವಳ ದನಿಯನ್ನು, ನೋಡಿದ್ದು ಯಾರು? ಬ್ರೆಡ್ಡಕ್ಕ ಟಿವಿ ಆರಿಸಿ, ಗಂಡನ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ತಾನು ಹೋಗಿ ಮಲಗಿದಳು.

ಮರುದಿನ ಅವನು ಎಂದಿನಂತೆ ಚಹಾಕ್ಕೆ ನೀರಿಟ್ಟ.

"ಆಮೇಲೇನಾಯ್ತು ಹೇಳಿ" ಎಂದಳು ಅವಳು, ದನಿ ಹದವಾಗಿ ಇಟ್ಟುಕೊಂಡು.

"ಆಮೇಲಾ?" ಅವನು ಚಹಾಪುಡಿಯ ಡಬ್ಬದ ಮುಚ್ಚಳ ತಿರುಗಿಸಿದ. "ಆಮೇಲೆ ಯಂತ್ರ ಬರುತ್ತೆ. ಮಾರನೇ ದಿನ ಅದು ಕೂಗುತ್ತೆ. ಆದ್ರೆ ಜನ ಯಾರೂ ಗಾಡಿ ಹತ್ತೋದಿಲ್ಲ."

"ಯಾಕೆ?"

"ದಿನಾ ಕೇಳೋ ದನಿ ಅಲ್ವಲ್ಲ. ಇನ್ನೂ ನಮ್ಮ ಗಾಡಿ ಬಂದಿಲ್ಲ ಅಂತ ಸುಮ್ನೆ ಕೂತಿರ್ತಾರೆ. ಗಾಡಿಗಳೆಲ್ಲ ಸಾಲಾಗಿ ನಿಂತುಬಿಡ್ತವೆ. ಕೊನೆಗೆ ಡ್ರೈವರ್ ಒಬ್ಬ ಇಳಿದು ಅವಳ ಮನೆ ಹುಡುಕ್ಕೊಂಡು ಹೋಗಿ ಬಾಗಿಲು ತಟ್ತಾನೆ. ಅವಳು ಆಗಷ್ಟೇ ಸ್ನಾನಕ್ಕೆ ಹೊರಟಿರ್ತಾಳೆ. ಹೆಗಲ ಮೇಲೆ ಟವೆಲ್ ಹಾಗೇ ಇರುತ್ತೆ. 'ಏನಪ್ಪ' ಅಂತಾಳೆ. 'ನೀವು ಹೇಳಿದ್ರೆ ಹೊರಡ್ತೀವಿ ಅಮ್ಮ' ಅಂತಾನೆ."

ಬ್ರೆಡ್ಡಕ್ಕ ತುಟಿಯ ಹತ್ತಿರ ತಂದ ಲೋಟವನ್ನು ಹಾಗೇ ಹಿಡಿದು ನಿಂತಳು. ಕಳ್ಳನನ್ನು ಹಿಡಿಯಲು ಬಂದವಳಿಗೆ ಕೈ ಏಳಲಿಲ್ಲ. ಆ ಟವೆಲ್ಲು ಅವನಿಗೆ ಎಲ್ಲಿಂದ ಸಿಕ್ಕಿತು? ಕಣ್ಣ ಮುಂದೆ ನೋಡಿದ ಹಾಗೆ ಹೇಳುತ್ತಾನಲ್ಲ. "ಚೆನ್ನಾಗಿದೆ" ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡು ಹೊರಟಳು. ಅರ್ಧ ದಾರಿಗೆ ಬರುವಷ್ಟರಲ್ಲಿ, ಸಾಲಾಗಿ ನಿಂತ ರೈಲುಗಳನ್ನು ನೆನೆದು ಒಬ್ಬಳೇ ನಗುತ್ತಿದ್ದಳು.

ಆ ಶನಿವಾರ ಏಪ್ರನ್ನಿನ ನೆಪವೂ ಇಲ್ಲದೆ ಟೈಲರಮ್ಮನ ಅಂಗಡಿಗೆ ಹೋದಳು. ನಡೆದದ್ದನ್ನೆಲ್ಲ ಹೇಳಿದಳು, ಗೊರಕೆಯ ಸಮೇತ. ಮೂವರೂ ಆ ಸಿನಿಮಾ ನೋಡಿದ್ದರು. ಮೊದಲು ಬಿದ್ದು ಬಿದ್ದು ನಕ್ಕರು. ರೈಲು ಡ್ರೈವರು ಬಾಗಿಲು ತಟ್ಟುವಲ್ಲಿಗೆ ಬಂದಾಗ ಮೇಷ್ಟ್ರು ನಗುವುದನ್ನು ನಿಲ್ಲಿಸಿ, ಕೈವಸ್ತ್ರ ತೆಗೆದು, ಕಣ್ಣಿಗೆ ಏನೋ ಬಿದ್ದವರಂತೆ ಒರೆಸಿಕೊಂಡರು.

"ರೈಲುಗಳು ಹಾಗೆ ನಿಂತ್ರೆ ಇಡೀ ದೇಶದ ವೇಳಾಪಟ್ಟಿ ಕೆಡುತ್ತೆ, ಅದು ಸಾಧ್ಯವಿಲ್ಲ" ಎಂದರು. "ಆದ್ರೂ ಇರ್ಲಿ."

ಅಂದಿನಿಂದ ಬ್ರೆಡ್ಡಕ್ಕ ಆ ಗುಂಪಿನ ನಾಲ್ಕನೆಯವಳಾದಳು. ವಾರಕ್ಕೊಂದು ಸಿನಿಮಾ ಗೊತ್ತು ಮಾಡುವುದು, ಎಲ್ಲರೂ ಅವರವರ ಮನೆಯಲ್ಲಿ ನೋಡುವುದು, ಶನಿವಾರ ಸೇರುವುದು. ಮೇಷ್ಟ್ರು ತಪ್ಪು ಹುಡುಕುವವರು. ಹಿಮ ಬೀಳುವ ಊರಿನಲ್ಲಿ ತೆಂಗಿನ ಮರ ಕಂಡರೆ ಅವರಿಗೆ ಆ ಸಿನಿಮಾ ಅಲ್ಲಿಗೇ ಮುಗಿಯಿತು. ಟೈಲರಮ್ಮನ ಕಣ್ಣೆಲ್ಲ ಬಟ್ಟೆಯ ಮೇಲೆ. "ಅಷ್ಟು ಬಡವಿ ಅಂತೀರಿ, ರವಿಕೆ ಫಿಟ್ಟಿಂಗ್ ನೋಡಿದ್ರಾ?" ಎಂದು ಕೇಳುವವಳು. ಕನ್ನಡಕದವರು ಎಲ್ಲರ ಮಾತು ಕೇಳಿ ಕೊನೆಗೊಂದು ಮಾತು ಆಡುವವರು. ಎಲ್ಲರ ಅಭಿಪ್ರಾಯ ಮುಗಿದ ಮೇಲೆ ಮೂವರೂ ಬ್ರೆಡ್ಡಕ್ಕನ ಕಡೆ ತಿರುಗುತ್ತಿದ್ದರು. "ಈಗ ಯಜಮಾನರ ಕೊನೆ ಹೇಳಿ." ಅವಳು ಹೇಳುತ್ತಿದ್ದಳು. ನಾಲ್ಕೈದು ವಾರ ಕಳೆದ ಮೇಲೆ ಕನ್ನಡಕದವರು, "ಒಂದು ಗಮನಿಸಿದ್ರಾ?" ಎಂದರು. "ಅವರ ಎಲ್ಲಾ ಸಿನಿಮಾದಲ್ಲೂ ಯಾರಾದರೊಬ್ಬರು ಬಂದು ಬಾಗಿಲು ತಟ್ತಾರೆ." ಅವಳು ಗಮನಿಸಿರಲಿಲ್ಲ. ಈಗ ಹಿಂದಿನದನ್ನೆಲ್ಲ ನೆನೆದರೆ, ಹೌದು, ಎಲ್ಲದರಲ್ಲೂ.

ಇದೆಲ್ಲ ಗಂಡನಿಗೆ ತಿಳಿಯದೆಯೇ ನಡೆಯುತ್ತಿತ್ತು. ತಿಳಿಸಬಾರದೆಂದು ಅವಳು ನಿರ್ಧಾರವೇನೂ ಮಾಡಿರಲಿಲ್ಲ. ಇವತ್ತು ನಾಳೆ ಎನ್ನುತ್ತ ಎರಡು ತಿಂಗಳು ಉರುಳಿದ್ದವು. ಕೊನೆಗೆ ತಿಳಿಸಿದ್ದು ನೀರಿನ ಮೀಟರು. ಅವನು ಕನ್ನಡಕದ ಅಂಗಡಿಯ ಹಿಂದೆ ಬಗ್ಗಿ ಅಂಕಿ ಬರೆದುಕೊಳ್ಳುತ್ತಿದ್ದಾಗ ಕನ್ನಡಕದವರು ಬಂದು, "ನೀವೇ ಅಲ್ವಾ ಬ್ರೆಡ್ಡಕ್ಕನ ಯಜಮಾನರು? ನಿಮ್ಮ ರೈಲಿನ ಕೊನೆ ಕೇಳಿ ನಮ್ಮ ಮೇಷ್ಟ್ರು ಅತ್ತುಬಿಟ್ರು" ಎಂದು ಅಭಿಮಾನದಿಂದ ಕೈ ಕುಲುಕಿದರು.

ಅವನು ಆ ದಿನ ಬಾಕಿ ಮನೆಗಳನ್ನು ಬಿಟ್ಟು ನೇರ ಮನೆಗೆ ಬಂದ. ಬ್ರೆಡ್ಡಕ್ಕ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು.

"ನನ್ನ ನಾಲ್ಕು ಜನರ ಮುಂದೆ ನಗೆಪಾಟಲು ಮಾಡಿದ್ಯಲ್ಲ" ಎಂದ.

ಅವಳಿಗೆ ಅರ್ಥವಾಯಿತು. ತಾನು ಎರಡು ತಿಂಗಳಿಂದ ನುಂಗಿಕೊಂಡಿದ್ದೂ ಆಗ ಹೊರಗೆ ಬಂತು. "ನಗೆಪಾಟಲು ಆಗಿದ್ದು ಯಾರು? ಮೊದಲನೇ ದಿನ ಅವರೆದುರಿಗೆ ದೋಣಿ ಮಾರ್ಲಿಲ್ಲ ಅಂತ ವಾದ ಮಾಡ್ದೋಳು ನಾನು. ಇಪ್ಪತ್ತೈದು ವರ್ಷ ರೀ. ಒಂದು ದಿನ ಆದ್ರೂ ನಿಜ ಹೇಳಿದ್ರಾ?"

"ಒಂದು ದಿನ ಹೇಳಿದ್ದೆ."

"ಯಾವತ್ತು?"

ಅವನು ಒದ್ದೆ ಬಟ್ಟೆಯ ಬಕೆಟ್ಟನ್ನು ಸರಿಸಿ ಕಟ್ಟೆಯ ಮೇಲೆ ಕೂತ. "ಮದುವೆಯಾದ ವರ್ಷ. ಮಗು ಜ್ವರ ಬಂದು ಹೋಗಿಬಿಡುತ್ತಲ್ಲ, ಆ ಸಿನಿಮಾ. ನೀನು ಕೇಳಿದೆ, ಇದ್ದದ್ದು ಇದ್ದ ಹಾಗೆ ಹೇಳ್ದೆ. ನೀನು ಅಳ್ತಾ ಕೆಲಸಕ್ಕೆ ಹೋದೆ. ಅವತ್ತು ಹಿಟ್ಟಿಗೆ ಉಪ್ಪು ಹಾಕೋದೇ ಮರೆತೆ. ಇನ್ನೂರು ಬ್ರೆಡ್ಡು ವಾಪಸ್ ಬಂತು. ಯಜಮಾನ್ರು ಎಲ್ಲರ ಮುಂದೆ ಬೈದ್ರು ಅಂತ ಮನೆಗೆ ಬಂದು, ನಾಳೆಯಿಂದ ಹೋಗಲ್ಲ ಅಂತ ಕೂತ್ಕೊಂಡೆ."

ಉಪ್ಪು ಮರೆತದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಬೇಕರಿಯಲ್ಲಿ ಇವತ್ತಿಗೂ ಅದನ್ನು ಹೇಳಿ ಕಾಡುವವರಿದ್ದರು. ಯಾಕೆ ಮರೆತೆ ಅನ್ನುವುದು ಮಾತ್ರ ನೆನಪಿರಲಿಲ್ಲ. ಅವಳು ಕೈಯಲ್ಲಿದ್ದ ಟವೆಲ್ಲನ್ನು ಹಗ್ಗಕ್ಕೆ ಹಾಕಿ, ಎರಡು ಕ್ಲಿಪ್ಪು ಸಿಕ್ಕಿಸಿ, ಅವನ ಪಕ್ಕ ಬಂದು ಕೂತಳು.

"ಆ ಕೆಲಸ ನಿಂಗೆ ಎಷ್ಟು ಇಷ್ಟ ಅಂತ ನಂಗೆ ಗೊತ್ತಿತ್ತು" ಎಂದ ಅವನು. "ಆಮೇಲಿಂದ ಸ್ವಲ್ಪ ಸ್ವಲ್ಪ ಬದಲಾಯಿಸಿ ಹೇಳೋಕೆ ಶುರು ಮಾಡ್ದೆ. ಸತ್ತೋರು ಇದ್ರೆ ಬದುಕಿಸ್ತಿದ್ದೆ, ಅಷ್ಟೇ. ಮಿಕ್ಕಿದ್ದೆಲ್ಲ ಸಿನಿಮಾದಲ್ಲಿ ಇದ್ದ ಹಾಗೇ."

"ನಿದ್ದೆ?"

ಅವನು ತಲೆ ತಗ್ಗಿಸಿದ. "ಅದು ನಂಗೆ ಮೀಟರ್ ಓದೋಕೆ ಈ ಮೇಲಿನ ಗುಡ್ಡದ ಬಡಾವಣೆ ಕೊಟ್ರಲ್ಲ, ಆಗಿಂದ. ದಿನಾ ಅಷ್ಟು ಮೆಟ್ಟಿಲು ಹತ್ತಿ ಇಳಿದು ಸಾಕಾಗ್ತಿತ್ತು. ಮೊದಲನೇ ಸಲ ನಿದ್ದೆ ಬಂದಾಗ ಹೇಳೋಣ ಅಂದ್ಕೊಂಡೆ. ನೀನು ಬಟ್ಟೆ ಕಟ್ಕೊಂಡು 'ಆಮೇಲೇನಾಯ್ತು' ಅಂತ ನಿಂತಿದ್ದೆ. ಇಲ್ಲ, ಗೊತ್ತಿಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ."

"ಮತ್ತೆ ಎಲ್ಲದರಲ್ಲೂ ಬಾಗಿಲು ಯಾಕೆ ತಟ್ಟಿಸ್ತೀರಿ?"

"ಎಲ್ಲದರಲ್ಲೂ ತಟ್ಟಿಸ್ತೀನಾ?" ಅವನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. ಸ್ವಲ್ಪ ಯೋಚಿಸಿ, "ನಂಗೆ ಬರೋ ಕೆಲಸ ಅದೊಂದೇ ಅಲ್ವಾ" ಎಂದ. "ದಿನಾ ಅರವತ್ತು ಬಾಗಿಲು ತಟ್ತೀನಿ. ಕೆಲವರು ಬೈತಾರೆ, ಕೆಲವರು ಸ್ನಾನಕ್ಕೆ ಹೊರಟೋರು ಬರ್ತಾರೆ. ಆದ್ರೆ ತೆಗೀತಾರೆ."

ಆ ಟವೆಲ್ಲು ಎಲ್ಲಿಂದ ಬಂತೆಂದು ಬ್ರೆಡ್ಡಕ್ಕನಿಗೆ ಈಗ ತಿಳಿಯಿತು. ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಆ ಸಂಜೆ ಪಕ್ಕದ ಊರಿನ ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವ ಕೆಲಸದಲ್ಲಿದ್ದ ಮಗಳಿಗೆ ಫೋನು ಮಾಡಿ, "ನೋಡೇ, ನಿಮ್ಮಪ್ಪ ಮಾಡಿರೋ ಕೆಲಸ" ಎಂದು ದೂರು ಶುರುಮಾಡಿದಳು. ಮಗಳು ಪೂರ್ತಿ ಕೇಳಿ, "ಅಮ್ಮಾ, ನಂಗೆ ಎಂಟನೇ ವಯಸ್ಸಿಂದ ಗೊತ್ತು" ಎಂದಳು. "ನೀವಿಬ್ರೂ ಮಲಗಿದ್ಮೇಲೆ ಟಿವಿ ಆರಿಸ್ತಿದ್ದಿದ್ದು ಯಾರು ಅಂದ್ಕೊಂಡಿದ್ದೆ?"

"ನಂಗ್ಯಾಕೆ ಹೇಳ್ಲಿಲ್ಲ?"

"ನಾನೂ ಬೆಳಿಗ್ಗೆ ಹಾಸಿಗೇಲಿ ಮಲಗಿಕೊಂಡೇ ಅಪ್ಪ ಹೇಳೋದು ಕೇಳ್ತಿದ್ದೆ. ಅದು ಕೆಟ್ಟುಹೋಗೋದು ಬೇಡ ಅಂತ."

ಬ್ರೆಡ್ಡಕ್ಕ ಫೋನಿಟ್ಟು ಗಂಡನ ಕಡೆ ನೋಡಿದಳು. ಅವನು ಕೇಳಿಸಿಕೊಳ್ಳದವನಂತೆ ಈರುಳ್ಳಿ ಹೆಚ್ಚುತ್ತಿದ್ದ. ಸಿಟ್ಟು ಉಳಿಸಿಕೊಳ್ಳಲು ಇನ್ನು ಯಾವ ಜಾಗವೂ ಇರಲಿಲ್ಲ.

"ಭಾನುವಾರ ನನಗೆ ರಜ" ಎಂದಳು. "ಬೆಳಿಗ್ಗೆ ಹನ್ನೊಂದಕ್ಕೆ ಸಿನಿಮಾ ಹಾಕೋಣ. ಇಬ್ರೂ ಎಚ್ಚರವಾಗಿರ್ತೀವಿ."

"ಹಾಡುಹಗಲೇ?" ಎಂದ ಗಂಡ. ಭಾನುವಾರ ಬೆಳಿಗ್ಗೆ ಎಂದರೆ ಅವರ ಮನೆಯಲ್ಲಿ ಹಾಸಿಗೆ ಬಟ್ಟೆ ಒಗೆಯುವುದು, ನೀರಿನ ಡ್ರಮ್ಮು ತೊಳೆಯುವುದು, ವಾರದ ತರಕಾರಿ ತರುವುದು. ಇಪ್ಪತ್ತೈದು ವರ್ಷದಲ್ಲಿ ಒಮ್ಮೆಯೂ ಸೂರ್ಯನ ಬೆಳಕಿನಲ್ಲಿ ಅವರು ಸಿನಿಮಾ ನೋಡಿರಲಿಲ್ಲ. ನೋಡಬಹುದೆಂದು ಹೊಳೆದೇ ಇರಲಿಲ್ಲ.

ಭಾನುವಾರ ಪರದೆ ಎಳೆದರು. ಪಕ್ಕದ ಮನೆಯವರು ಯಾರಿಗಾದರೂ ಹುಷಾರಿಲ್ಲವೇ ಎಂದು ವಿಚಾರಿಸಿ ಹೋದರು. ಆ ವಾರದ ಸಿನಿಮಾ ಇಬ್ಬರು ಅಣ್ಣತಮ್ಮಂದಿರದು. ಅಣ್ಣ ಸೈಕಲ್ ಅಂಗಡಿ ಇಟ್ಟಿರುತ್ತಾನೆ. ತಮ್ಮ ಹೇಳದೆ ಕೇಳದೆ ಮನೆ ಬಿಟ್ಟು ಹೋದವನು, ಅಪ್ಪನ ಕೊನೆಗಾಲಕ್ಕೂ ಬಾರದವನು, ಹದಿನೈದು ವರ್ಷದ ಮೇಲೆ ಅಂಗಡಿಯ ಮುಂದೆ ಬಂದು ನಿಲ್ಲುತ್ತಾನೆ. ಅಣ್ಣ ತಲೆ ಎತ್ತಿ ನೋಡುತ್ತಾನೆ. ಒಂದು ಮಾತೂ ಆಡುವುದಿಲ್ಲ. ಒಳಗಿನಿಂದ ಒಂದು ಕುರ್ಚಿ ತಂದು ಇಟ್ಟು, ಮತ್ತೆ ಚಕ್ರದ ಕಡ್ಡಿ ಬಿಗಿಮಾಡಲು ಕೂರುತ್ತಾನೆ. ತಮ್ಮ ಕೂತನೋ ಇಲ್ಲವೋ ತೋರಿಸುವ ಮೊದಲೇ ಸಿನಿಮಾ ಮುಗಿಯಿತು.

ಇಬ್ಬರೂ ಹೆಸರುಗಳು ಪೂರ್ತಿ ಓಡುವವರೆಗೆ ಕೂತಿದ್ದರು. ಆಮೇಲೆ ಅವನು ಎದ್ದು ಪರದೆ ಸರಿಸಿದ. ಬಿಸಿಲು ಒಳಗೆ ಬಂತು. ಆ ಹೊತ್ತಿನಲ್ಲಿ ಸಿನಿಮಾದ ಬಗ್ಗೆ ಮಾತಾಡಿ ಇಬ್ಬರಿಗೂ ಅಭ್ಯಾಸವಿರಲಿಲ್ಲ. ಡ್ರಮ್ಮು ತೊಳೆಯಲು ಹೋದರು.

ಶನಿವಾರ ಅವಳು ಗಂಡನನ್ನು ಕೈಹಿಡಿದು ಎಳೆದುಕೊಂಡೇ ಟೈಲರಮ್ಮನ ಅಂಗಡಿಗೆ ಹೋದಳು. ಅವನು ಬಾಗಿಲಲ್ಲಿ ನಿಂತು ಒಳಗೆ ಬರಲು ಹಿಂಜರಿದ. ಮೇಷ್ಟ್ರು ಎದ್ದು ತಮ್ಮ ಜಾಗ ಬಿಟ್ಟುಕೊಟ್ಟರು. ಟೈಲರಮ್ಮ ಹೊಲಿಗೆ ನಿಲ್ಲಿಸಿದಳು. ಎಲ್ಲರೂ ಅವನ ಬಾಯಿಂದಲೇ ಕೊನೆ ಕೇಳಲು ಕಾದಿದ್ದರು.

"ಈ ಸಲ ಪೂರ್ತಿ ನೋಡಿದೀನಿ" ಎಂದ ಅವನು, ತಪ್ಪೊಪ್ಪಿಕೊಳ್ಳುವ ದನಿಯಲ್ಲಿ. "ಅದರಲ್ಲಿ ಇರೋ ಕೊನೆನೇ ಸರಿಯಾಗಿದೆ. ಬದಲಾಯಿಸೋಕೆ ಏನೂ ಇಲ್ಲ."

ಟೈಲರಮ್ಮನ ಮುಖ ಪೆಚ್ಚಾಯಿತು. "ಏನೂ ಇಲ್ವಾ ಅಣ್ಣ?"

"ಅಣ್ಣ ಕ್ಷಮಿಸಿಬಿಟ್ಟ. ಕುರ್ಚಿ ಹಾಕಿದ ಅಂದ್ಮೇಲೆ ಮುಗೀತಲ್ಲ."

"ಎಲ್ಲಿ ಕ್ಷಮಿಸಿದ?" ಎಂದಳು ಬ್ರೆಡ್ಡಕ್ಕ.

ಎಲ್ಲರೂ ಅವಳ ಕಡೆ ತಿರುಗಿದರು.

"ಗಿರಾಕಿಗೂ ಕುರ್ಚಿ ಹಾಕ್ತಾನೆ" ಎಂದಳು. "ಸಿನಿಮಾದ ಶುರುವಲ್ಲೇ ಹಾಕಿದಾನೆ, ಎರಡು ಸಲ. ಪಂಕ್ಚರ್ ಹಾಕಿಸೋಕೆ ಬಂದ ಮುದುಕನಿಗೊಂದು, ಪೊಲೀಸಿನವನಿಗೊಂದು. ಯಾರು ಬಂದ್ರೂ ಹಾಕ್ತಾನೆ. ತಮ್ಮನಿಗೂ ಹಾಗೇ ಹಾಕಿದ. ಅದರಲ್ಲಿ ಕ್ಷಮೆ ಎಲ್ಲಿದೆ? ನೀನೂ ಒಬ್ಬ ಗಿರಾಕಿ ಅಂತ ಹೇಳ್ದ, ಅಷ್ಟೇ."

"ಅವರಿಗೆಲ್ಲ ಹೊರಗಿದ್ದ ಕುರ್ಚಿ ಹಾಕಿದ. ತಮ್ಮನಿಗೆ ಒಳಗಿಂದ ತಂದ."

"ಹೊರಗಿದ್ದ ಕುರ್ಚಿ ಮೇಲೆ ಟೈರ್ ಇತ್ತು ರೀ. ನೋಡ್ಲಿಲ್ವಾ? ಅದಕ್ಕೇ ಒಳಗಿಂದ ತಂದ."

ಕನ್ನಡಕದವರು ಟೈರಿತ್ತೋ ಇಲ್ಲವೋ ನೋಡಲು ಫೋನು ತೆಗೆದರು. ಮೇಷ್ಟ್ರು ತಡೆದು, "ಇರ್ಲಿ ಬಿಡಿ, ಅವರು ಮಾತಾಡ್ಲಿ" ಎಂದರು. ಟೈಲರಮ್ಮ ಬ್ರೆಡ್ಡಕ್ಕನ ಪಕ್ಷ ಹಿಡಿದಳು. ಕನ್ನಡಕದವರು ಅವನ ಕಡೆ ವಾಲಿದರು. ದಿನಕ್ಕೆ ನಾಲ್ಕು ಮಾತಾಡದ ಮನುಷ್ಯ ಅಂದು ಒಂದು ತಾಸು ಮಾತಾಡಿದ. ಹೊಲಿಯಲು ಕೊಟ್ಟ ಬಟ್ಟೆ ಕೇಳಲು ಬಂದ ಇಬ್ಬರು ಗಿರಾಕಿಗಳು ನಿಂತು ನೋಡಿ, ಸೋಮವಾರ ಬರುತ್ತೇವೆಂದು ಹೋದರು.

ಐದು ಗಂಟೆಗೆ ಗಂಡ ಹೆಂಡತಿ ಮನೆಯ ಕಡೆ ಹೊರಟರು. ಬೀದಿಯಲ್ಲಿಯೂ ವಾದ ನಿಲ್ಲಲಿಲ್ಲ. ಅಣ್ಣ ಕಡ್ಡಿ ಬಿಗಿಮಾಡುವಾಗ ಅವನ ಕೈ ನಡುಗುತ್ತಿತ್ತು, ಅದನ್ನು ನೀನು ನೋಡಲಿಲ್ಲ ಎಂದು ಅವನು. ನೋಡಿದೆ, ಅದು ಸಿಟ್ಟಿಗೆ ನಡುಗಿದ್ದು ಎಂದು ಅವಳು. ತರಕಾರಿ ಗಾಡಿಯ ಮುಂದೆ ನಿಂತು ಟೊಮೆಟೊ ಆರಿಸುತ್ತಲೇ, ಹದಿನೈದು ವರ್ಷದ ಸಿಟ್ಟು ಹೇಗಿರುತ್ತದೆಂದು ಅವಳು ಕೈಯಾಡಿಸಿ ತೋರಿಸಿದಳು. ತರಕಾರಿಯವಳು ಯಾರ ಮನೆಯ ಜಗಳವೋ ಎಂದು ಗಾಬರಿಯಿಂದ ಕೇಳಿದಳು.

"ಸಿನಿಮಾದ್ದಮ್ಮ" ಎಂದ ಅವನು. "ನೀನೇ ಹೇಳು, ತಮ್ಮ ಬಂದ್ರೆ ಅಣ್ಣ ಸುಮ್ನೆ ಕುರ್ಚಿ ತಂದು ಹಾಕ್ತಾನೆ. ಅದು ಕ್ಷಮಿಸಿದ ಹಾಗೆ ತಾನೆ?"

"ಯಾವ ತಮ್ಮ?" ಎಂದಳು ತರಕಾರಿಯವಳು.

ಬ್ರೆಡ್ಡಕ್ಕ ಚೀಲವನ್ನು ನೆಲಕ್ಕಿಟ್ಟು, ಸೆರಗು ಸರಿಮಾಡಿಕೊಂಡು, ಸಿನಿಮಾದ ಕತೆಯನ್ನು ಮೊದಲಿನಿಂದ ಹೇಳಲು ಶುರುಮಾಡಿದಳು. ಗಂಡ ಪಕ್ಕದಲ್ಲಿ ನಿಂತು, ಅವಳು ಬಿಟ್ಟಲ್ಲೆಲ್ಲ ಸೇರಿಸುತ್ತ ಹೋದ.